ದತ್ತಸಂಚಯದ ನವೀಕರಣ: ಗಂಟೆಗಳ ಲೆಕ್ಕವೊಂದೇ ಸಾಕೆ?

ಪಹಣಿ ಪಡೆಯಲು ಹೋಗಿ ‘ಸರ್ವರ್ ಡೌನ್’ ಎಂಬ ಉತ್ತರ ಕೇಳಿ ಹಿಂದಿರುಗಿದ ಓದುಗರು ನಮ್ಮಲ್ಲಿ ಕಡಿಮೆಯಿಲ್ಲ. ಆದ್ದರಿಂದಲೇ ಗಣಕ ತಜ್ಞರು ದತ್ತಸಂಚಯದ ಆವೃತ್ತಿ ಬದಲಿಸುವಾಗ ಸೇವೆ ನಿಲ್ಲುವ ಅವಧಿಯನ್ನು ಆದಷ್ಟು ಕಡಿಮೆ ಮಾಡಲು ಹೆಣಗುತ್ತಾರೆ. ಈ ಗುರಿ ಒಳ್ಳೆಯದೇ. ಆದರೆ ಅದೊಂದನ್ನೇ ಯಶಸ್ಸಿನ ಅಳತೆಗೋಲು ಮಾಡಿಕೊಳ್ಳುವುದು ಸರಿಯೇ ಎಂಬುದು ಇಲ್ಲಿನ ಪ್ರಶ್ನೆ.

ಕಂದಾಯ ಇಲಾಖೆಗಾಗಿ ಎನ್.ಐ.ಸಿ. ರೂಪಿಸಿದ ‘ಭೂಮಿ’ ವ್ಯವಸ್ಥೆಯನ್ನು ನೆನಪಿಸಿಕೊಳ್ಳಿ. 2000ದ ದಶಕದ ಆರಂಭದಲ್ಲಿಯೇ ಸುಮಾರು 2 ಕೋಟಿ ಪಹಣಿಗಳು ಗಣಕಕ್ಕೆ ಸೇರಿದವು. ಇಂತಹ ಮಾಹಿತಿಯನ್ನು ಕೋಷ್ಟಕಗಳಲ್ಲಿ ಇಟ್ಟು, ಸರ್ವೆ ನಂಬರಿನಂತಹ ಕೊಂಡಿಗಳಿಂದ ಪರಸ್ಪರ ಜೋಡಿಸುವುದೇ ಸಂಬಂಧಾತ್ಮಕ ದತ್ತಸಂಚಯ. ಅದನ್ನು ನಡೆಸುವ ತಂತ್ರಾಂಶಕ್ಕೆ ಆಯುಷ್ಯವಿದೆ. ಉದಾಹರಣೆಗೆ, ಪೋಸ್ಟ್‌ಗ್ರೆಸ್ ಎಂಬ ಮುಕ್ತ ತಂತ್ರಾಂಶದ ಪ್ರತಿ ಪ್ರಮುಖ ಆವೃತ್ತಿಗೆ 5 ವರ್ಷ ಮಾತ್ರ ತಿದ್ದುಪಡಿಗಳು ದೊರೆಯುತ್ತವೆ. ಹಾಗಾಗಿ ನವೀಕರಣ ಅನಿವಾರ್ಯ.

ಎಲ್ಲವನ್ನೂ ಹೊರತೆಗೆದು ಹೊಸದರಲ್ಲಿ ತುಂಬುವುದು ಹಳೆಯ ವಿಧಾನ, ಇದು ನಿಧಾನ. ಹಳೆಯ ಕಡತಗಳನ್ನೇ ಹೊಸ ಆವೃತ್ತಿಗೆ ಕೊಂಡಿಹಾಕಿದರೆ ಕೆಲಸ ನಿಮಿಷಗಳಲ್ಲಿ ಮುಗಿಯಬಹುದು. ಆದರೆ ಹೊಸದು ಒಮ್ಮೆ ಚಾಲನೆಗೊಂಡರೆ ಹಳೆಯದನ್ನು ಮತ್ತೆ ಬಳಸುವಂತಿಲ್ಲ. ಮೂರನೆಯದರಲ್ಲಿ ಹಳೆಯದರ ಬದಲಾವಣೆಗಳು ಪಕ್ಕದ ಹೊಸದಕ್ಕೆ ಹರಿಯುತ್ತಿರುತ್ತವೆ; ಕೊನೆಗೆ ಕ್ಷಣಾರ್ಧದಲ್ಲಿ ದಾರಿ ಬದಲಿಸಲಾಗುತ್ತದೆ. ಪೋಸ್ಟ್‌ಗ್ರೆಸ್‌ನಲ್ಲಿ ಈ ಸೌಲಭ್ಯ 2017ರ 10ನೇ ಆವೃತ್ತಿಯೊಂದಿಗೆ ಬಂದಿತು.

ಮೂರನೆಯದನ್ನೇ ಎಲ್ಲರೂ ಹೊಗಳುತ್ತಾರೆ. ಅದರ ಕೊರತೆ ನೋಡಿ: 18ನೇ ಆವೃತ್ತಿಯವರೆಗೂ ಕ್ರಮಸಂಖ್ಯೆ ನೀಡುವ ಎಣಿಕೆ ತಾನಾಗಿ ಹರಿದು ಬರುವುದಿಲ್ಲ. ಅದನ್ನು ಕೈಯಾರೆ ಮುಂದೂಡದಿದ್ದರೆ ಹೊಸ ಅರ್ಜಿಗೆ ಹಳೆಯ ಸಂಖ್ಯೆಯೇ ಸಿಕ್ಕಿ, ಅರ್ಜಿ ತಿರಸ್ಕೃತವಾಗಬಹುದು. ಮೊದಲು ಬಂದ ಮ್ಯುಟೇಷನ್ ಅರ್ಜಿ ಮೊದಲು ಎಂಬುದು ‘ಭೂಮಿ’ಯ ಹೆಗ್ಗಳಿಕೆ. ಇಂತಹ ನಿಯಮವುಳ್ಳ ಕಚೇರಿಗೆ ಇದು ಸಣ್ಣ ದೋಷವಲ್ಲ.

ಎರಡನೆಯ ವಿಧಾನದ ತೊಡಕು ಇನ್ನೂ ಸೂಕ್ಷ್ಮ. ಹೆಸರುಗಳ ಅಕಾರಾದಿ ಕ್ರಮವನ್ನು ಸಾಮಾನ್ಯವಾಗಿ ಕಾರ್ಯಾಚರಣ ವ್ಯವಸ್ಥೆ ನಿರ್ಧರಿಸುತ್ತದೆ. 2018ರಲ್ಲಿ ಲಿನಕ್ಸ್‌ನ ಜಿಲಿಬ್‌ಸಿ 2.28 ಈ ಕ್ರಮವನ್ನು ವ್ಯಾಪಕವಾಗಿ ಬದಲಿಸಿತು. ಜೊತೆಯಲ್ಲೇ ಕಾರ್ಯಾಚರಣ ವ್ಯವಸ್ಥೆಯನ್ನೂ ಬದಲಿಸಿ ಸೂಚಿಗಳನ್ನು ಮರಳಿ ಕಟ್ಟದಿದ್ದರೆ, ಕೋಷ್ಟಕದಲ್ಲಿರುವ ಹೆಸರು ಹುಡುಕಾಟಕ್ಕೆ ಸಿಗದೆ ಹೋಗಬಹುದು. ಸರ್ವರ್ ನಡೆಯುತ್ತಿದೆ, ರೈತನ ಪಾಲಿಗೆ ದಾಖಲೆಯೇ ಇಲ್ಲ! ಸ್ಥಗಿತದ ಲೆಕ್ಕದಲ್ಲಿ ಈ ನಷ್ಟ ಸೇರುವುದೇ ಇಲ್ಲ.

ಆಡಳಿತದ ಬದಲಾವಣೆಯನ್ನು ತಾಂತ್ರಿಕ ಬದಲಾವಣೆಯೊಡನೆ ಬೆರೆಸುವುದು ಮತ್ತೊಂದು ಅವಿವೇಕ. ತರೀಕೆರೆ ತಾಲ್ಲೂಕಿನ ಭಾಗವಾಗಿದ್ದ ಅಜ್ಜಂಪುರವನ್ನು 2017ರಲ್ಲಿ ಪ್ರತ್ಯೇಕ ತಾಲ್ಲೂಕೆಂದು ಘೋಷಿಸಲಾಯಿತು. ಇಂತಹ ಸಂದರ್ಭದಲ್ಲಿ ಗ್ರಾಮಗಳನ್ನು ಹೊಸ ತಾಲ್ಲೂಕಿಗೆ ಸೇರಿಸುವುದನ್ನೂ ಆವೃತ್ತಿ ಬದಲಾವಣೆಯನ್ನೂ ಒಂದೇ ರಾತ್ರಿ ಮಾಡಿದರೆ, ಲೆಕ್ಕ ತಾಳೆಯಾಗದಾಗ ತಪ್ಪು ಯಾವುದರಿಂದ ಬಂತೆಂದು ಹೇಳುವುದು ಕಷ್ಟ.

ಹಾಗಾದರೆ ಏನು ಕೇಳಬೇಕು? ಪಹಣಿ ನೀಡುವುದು ಓದುವ ಕೆಲಸ. ಮ್ಯುಟೇಷನ್ ಬರೆಯುವ ಕೆಲಸ. ಬರೆಯುವುದನ್ನು ನಿಲ್ಲಿಸಿದಾಗಲೂ ದತ್ತಾಂಶದ ಪ್ರತಿಯೊಂದರಿಂದ ಪಹಣಿ ನೀಡಬಹುದು. ಮುಗಿದ ಮೇಲೆ ಹೋಬಳಿವಾರು ಪಹಣಿಗಳ ಸಂಖ್ಯೆ ಮತ್ತು ಒಟ್ಟು ಎಕರೆ-ಗುಂಟೆ ಹಿಂದಿನದಕ್ಕೆ ಸರಿಹೊಂದಿತೇ ಎಂಬುದನ್ನು ಪ್ರಕಟಿಸಬೇಕು. ಕೆಟ್ಟರೆ ಹಿಂದಿರುಗುವ ದಾರಿಯನ್ನೂ ಮೊದಲೇ ಪರೀಕ್ಷಿಸಿರಬೇಕು.

ತಿಂಗಳು ಮುಂಚೆ ತಿಳಿಸಿ, ಭಾನುವಾರ ನಾಲ್ಕು ಗಂಟೆ ನಿಲ್ಲಿಸಿ, ತಾಳೆ ನೋಡಿ ತೆರೆದ ವ್ಯವಸ್ಥೆಯು ಕ್ಷಣದಲ್ಲಿ ಬದಲಾಗಿ ವಾರಗಟ್ಟಲೆ ತಪ್ಪು ಉತ್ತರ ಕೊಡುವ ವ್ಯವಸ್ಥೆಗಿಂತ ಮೇಲು. ಕಡೂರಿನ ಬಸ್ಸು ಹಿಡಿದು ಬಂದವರ ಒಂದು ದಿನದ ಕೂಲಿಯೂ ಸ್ಥಗಿತದ ಅವಧಿಗೆ ಸೇರುತ್ತದೆ ಎಂಬುದನ್ನು ತಜ್ಞರು ಮರೆಯಬಾರದು.