ನೀರಿನ ಪ್ರತಿಮೆ: ಹಂಬಲ ಮತ್ತು ವಿಷಾದ

ಹೊಸದುರ್ಗ ತಾಲ್ಲೂಕಿನ ಹಾಲುರಾಮೇಶ್ವರ ಕ್ಷೇತ್ರದಲ್ಲಿ ಗಂಗೆಯ ಕೊಳವೊಂದಿದೆ. ದಡದಲ್ಲಿ ನಿಂತು ಬೇಡಿಕೊಂಡವರಿಗೆ ಹಣ್ಣು, ತೊಟ್ಟಿಲು ಮೊದಲಾದವು ಪ್ರಸಾದವಾಗಿ ನೀರಿನಿಂದ ಮೇಲೆದ್ದು ಬರುತ್ತವೆ ಎಂಬುದು ಭಕ್ತರ ನಂಬಿಕೆ. ಇಲ್ಲಿ ನೀರು ಮಾನವನ ಹಂಬಲಕ್ಕೆ ಓಗೊಡುವ ತಾಯಿ. ಕನ್ನಡದ ಪ್ರಸಿದ್ಧ ಕಥನಗೀತೆ ‘ಕೆರೆಗೆ ಹಾರ’ದಲ್ಲಿ ಇದೇ ಗಂಗೆ ಬೇಡುವವಳಾಗುತ್ತಾಳೆ. ಕಾವ್ಯದ ಸಾಂದ್ರತೆಯನ್ನೂ ಸಣ್ಣಕತೆಯ ಬಂಧವನ್ನೂ ಒಟ್ಟಿಗೆ ಪಡೆದಿರುವ ಈ ಗೀತೆಯಲ್ಲಿ ಹಂಬಲ, ವಿಷಾದಗಳು ಪ್ರತಿಮೆಗಳಾಗಿ ಮೈದಳೆದಿರುವ ಬಗೆಯನ್ನು ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಪ್ರಚಲಿತ ಪಾಠದಂತೆ, ಮಲ್ಲನಗೌಡ ಕಟ್ಟಿಸಿದ ಕೆರೆಗೆ ನೀರು ಬರುವುದಿಲ್ಲ. ಕಿರಿಸೊಸೆ ಭಾಗೀರಥಿಯನ್ನು ಬಲಿ ಕೊಡಬೇಕೆಂದು ನಿಶ್ಚಯವಾಗುತ್ತದೆ. ತವರಿಗೆ ಹೋದ ಅವಳು ತಂದೆತಾಯಿಗೆ ನಿಜ ಹೇಳುವುದಿಲ್ಲ. ಅತ್ತೆಮನೆಯವರು ಬೇರೆ ಇಡುತ್ತಾರಂತೆ ಎಂಬ ನೆಪ ಹೇಳುತ್ತಾಳೆ. ತನ್ನನ್ನು ಯಾರಾದರೂ ತಡೆದಾರೆಯೆ ಎಂಬ ಹಂಬಲ ಆ ನೆಪದಲ್ಲಿಯೇ ಅಡಗಿದೆ. ಆದರೆ ತವರಿನ ಸಮಾಧಾನ ನೆಪಕ್ಕೆ ತಕ್ಕುದಾಗಿದೆಯೇ ಹೊರತು ದುಃಖಕ್ಕಲ್ಲ. ಗೆಳತಿಯೊಬ್ಬಳೇ ನಿಜವನ್ನು ಕೇಳುತ್ತಾಳೆ.

ಪೂಜೆ ಮುಗಿಸಿ ಹೊರಟಾಗ ಮರೆತುಬಂದ ಬಂಗಾರದ ಬಟ್ಟಲನ್ನು ತರಲು ಭಾಗೀರಥಿಯೇ ಹಿಂದಿರುಗುತ್ತಾಳೆ. ಅವಳು ಮೆಟ್ಟಿಲೇರಿದಂತೆ ನೀರೂ ಪಾದದಿಂದ ಮೇಲಕ್ಕೇರುತ್ತದೆ. ಇಲ್ಲಿ ಯಾರೂ ಅವಳನ್ನು ನೂಕುವುದಿಲ್ಲ. ಕೊಲೆಯೊಂದು ಮನೆವಾರ್ತೆಯ ಸಣ್ಣ ಮರೆವಿನ ರೂಪ ತಾಳುತ್ತದೆ. ಬಟ್ಟಲು ಹಿರಿಯರ ಹೊಣೆಯನ್ನು ಮರೆಮಾಡುವ ಪ್ರತಿಮೆ.

ವಿಷಾದದ ಹಂಚಿಕೆಯೂ ಗಮನಾರ್ಹ. ದಂಡಿನಲ್ಲಿದ್ದ ಗಂಡ ಮಾದೇವರಾಯ ಕೆಟ್ಟ ಕನಸು ಕಂಡು ಮರಳುತ್ತಾನೆ. ಅತ್ತೆಮನೆಯಿಂದ ತವರಿಗೆ, ತವರಿನಿಂದ ಗೆಳತಿಯ ಮನೆಗೆ ಅಲೆದು ಸತ್ಯ ತಿಳಿದವನು ಕೆರೆಗೆ ಹಾರುತ್ತಾನೆ. ತೀರ್ಮಾನದಲ್ಲಿ ಪಾಲಿಲ್ಲದವನೇ ಅದರ ಪರಿತಾಪವನ್ನು ಹೊರುತ್ತಾನೆ. ತೀರ್ಮಾನಿಸಿದವರ ಬಾಯಲ್ಲಿ ಪಶ್ಚಾತ್ತಾಪದ ಮಾತಿಲ್ಲ.

ಭಾಗೀರಥಿಯನ್ನು ತ್ಯಾಗಮೂರ್ತಿಯೆಂದು ಕೊಂಡಾಡುವ ವಿಮರ್ಶೆ ಈ ಮೌನವನ್ನು ಗುರುತಿಸುವುದಿಲ್ಲ. ತ್ಯಾಗವೆಂದು ಕರೆದೊಡನೆ ನಾವು ಮಲ್ಲನಗೌಡನ ಪಕ್ಷ ವಹಿಸಿದಂತಾಗುತ್ತದೆ. ಹಾಡು ಕೆರೆ ತುಂಬಿದ ಸಂಭ್ರಮದಲ್ಲಿ ಮುಗಿಯದೆ ಮಾದೇವರಾಯನ ಸಾವಿನಲ್ಲಿ ಮುಗಿಯುವುದೇ ಅದರ ತೀರ್ಪು.

ಮಳೆಯ ಅಭಾವವನ್ನು ಬಲ್ಲ ಚಿತ್ರದುರ್ಗದ ಸೀಮೆಯಲ್ಲಿ ನೀರಿನ ಹಂಬಲ ಅಲಂಕಾರವಲ್ಲ, ಬದುಕು. ಆ ಹಂಬಲ ನ್ಯಾಯವಾದುದೇ. ಅದರ ಬೆಲೆಯನ್ನು ಯಾರು ತೆತ್ತರು ಎಂಬ ಪ್ರಶ್ನೆಯನ್ನು ಮರೆಯದೆ ಉಳಿಸಿಕೊಂಡವರು ಹಾಡಿದ ಹೆಣ್ಣುಮಕ್ಕಳು. ಹಾಲುರಾಮೇಶ್ವರದ ಕೊಳ ತೊಟ್ಟಿಲನ್ನು ಮೇಲೆತ್ತಿ ಕೊಡುತ್ತದೆಂಬ ನಂಬಿಕೆಯನ್ನೂ ಈ ಕೆರೆಯ ಕತೆಯನ್ನೂ ಜೊತೆಗಿಟ್ಟು ಓದಿದಾಗಲೇ ಜನಪದರ ಜಲಪ್ರತಿಮೆ ಪೂರ್ಣವಾಗುತ್ತದೆ.