ಶಾಸನದ ಸಂಖ್ಯೆಯೂ ಬೆಳಕಿನ ಕಡತವೂ

ಹುಬ್ಬಳ್ಳಿಯಿಂದ ಧಾರವಾಡಕ್ಕೆ ಹೋಗುವ ಹೆದ್ದಾರಿಯಲ್ಲಿ ಉಣಕಲ್ಲನ್ನು ದಾಟಿದ ಮೇಲೆ ಬೈರಿದೇವರಕೊಪ್ಪವು ಸಿಕ್ಕುತ್ತದೆ. ಹಿಂದೆ ಬೇರೆಯೇ ಗ್ರಾಮವಾಗಿದ್ದ ಈ ಊರು ಇಂದು ಮಹಾನಗರಪಾಲಿಕೆಯ ಎಲ್ಲೆಯೊಳಗಿರುವುದು. ಇಲ್ಲಿ ವಾಸಿಸುವವನಾದುದರಿಂದ ಇದರ ಹೆಸರನ್ನು ಸೂಚಿಗಳಲ್ಲಿ ಹುಡುಕುವ ಪ್ರಸಂಗವು ನನಗೆ ಆಗಾಗ ಒದಗುತ್ತದೆ. ಕನ್ನಡದಲ್ಲಿ ಒಬ್ಬರು ಮೊದಲಕ್ಷರವನ್ನು ಅಲ್ಪಪ್ರಾಣವಾಗಿ ಬರೆದರೆ ಇನ್ನೊಬ್ಬರು ಮಹಾಪ್ರಾಣವಾಗಿ ಬರೆಯುವರು. ರೋಮನ್ ಲಿಪಿಗೆ ಹೋದೊಡನೆ ನಡುವಣ ಅಕಾರವು ಒಮ್ಮೆ ಉಳಿದು ಒಮ್ಮೆ ಬಿದ್ದುಹೋಗುವುದು. ಅಕಾರಾದಿಯಾಗಿ ಜೋಡಿಸಿದ ಪಟ್ಟಿಯಲ್ಲಿ ಒಂದೇ ಊರು ಹೀಗೆ ಮೂರು ನಾಲ್ಕು ಕಡೆ ಚದುರಿಹೋದರೆ, ಮೊದಲನೆಯ ಕಡೆಯಲ್ಲಿ ಕಾಣದವನು ‘ಇಲ್ಲ’ವೆಂದು ತೀರ್ಮಾನಿಸಿ ಪುಸ್ತಕವನ್ನು ಮುಚ್ಚುವನು. ಇದ್ದುದನ್ನು ಇಲ್ಲವೆನ್ನಿಸುವ ಶಕ್ತಿಯು ಕೆಟ್ಟ ಸೂಚಿಗೆ ಉಂಟು.

ಈ ಮಾತನ್ನು ಈಗ ಎತ್ತುವುದಕ್ಕೆ ಕಾರಣವುಂಟು. 2023ರ ಕೇಂದ್ರ ಮುಂಗಡಪತ್ರದಲ್ಲಿ ‘ಭಾರತ್ ಶ್ರೀ’ ಎಂಬ ಶಾಸನಭಂಡಾರವನ್ನು ಸ್ಥಾಪಿಸಿ, ಮೊದಲ ಹಂತದಲ್ಲಿ ಒಂದು ಲಕ್ಷ ಶಾಸನಗಳನ್ನು ಗಣಕರೂಪಕ್ಕೆ ತರುವ ಯೋಜನೆಯು ಪ್ರಕಟವಾಯಿತು. ಬೆಂಗಳೂರಿನ ಮಿಥಿಕ್ ಸೊಸೈಟಿಯವರು 2021ರಿಂದ ಬೆಂಗಳೂರು ಸೀಮೆಯ ಶಾಸನಗಳನ್ನು ಬೆಳಕಿನಿಂದ ಅಳೆದು, ಅವುಗಳ ಮೂರು ಆಯಾಮದ ಪ್ರತಿಕೃತಿಗಳನ್ನು ಸಿದ್ಧಗೊಳಿಸುತ್ತ ಬಂದಿರುವರು. ಕಲ್ಲು ಕಡತವಾಗುವ ಕಾಲವಿದು. ಇಂದು ಈ ಕಡತಗಳಿಗೆ ಇಡುವ ಹೆಸರುಗಳನ್ನೂ ಅವುಗಳಿಗೆ ಹಾಕುವ ದಾರಿಗಳನ್ನೂ ಮುಂದಿನ ತಲೆಮಾರಿನವರು ಬದಲಿಸಲಾರರು. ಬದಲಿಸಿದರೆ ಹಿಂದಿನ ಉಲ್ಲೇಖಗಳೆಲ್ಲ ಕೆಡುವುವು. ಆದಕಾರಣ ಬೆಳಕನ್ನೇ ಉಪಕರಣವಾಗಿ ಉಳ್ಳ ವಿಜ್ಞಾನಿಗಳು ತಮ್ಮ ಕಡತಗಳನ್ನು ಹೇಗೆ ಇಡುವರೆಂಬುದನ್ನು ನೋಡಿ, ಆ ಒರೆಗಲ್ಲಿಗೆ ನಮ್ಮ ಶಾಸನಸಂಪುಟಗಳನ್ನು ಹಚ್ಚಿ ನೋಡುವುದು ಅಪ್ರಸ್ತುತವಾಗಲಾರದು.

ಜರ್ಮನಿಯ ಹ್ಯಾಂಬರ್ಗಿನಿಂದ ಶೆನೆಫೆಲ್ಡಿನವರೆಗೆ 3.4 ಕಿಲೋಮೀಟರು ಉದ್ದಕ್ಕೆ ನೆಲದೊಳಗೆ ಹಬ್ಬಿರುವ ಯುರೋಪಿಯನ್ ಎಕ್ಸ್‌ಫೆಲ್ ಎಂಬ ಕ್ಷಕಿರಣ ಲೇಸರ್ ಕೇಂದ್ರವು 2017ರಿಂದ ಸಂಶೋಧಕರಿಗೆ ತೆರೆದಿದೆ. ಅಲ್ಲಿ ಬೆಳಕು ಗಾಡಿಯ ಡಬ್ಬಿಗಳಂತೆ ಸಾಲುಗಟ್ಟಿ ಬರುವುದು. ಸೆಕೆಂಡಿಗೆ 10 ಸಾಲುಗಳು, ಒಂದು ಸಾಲಿನಲ್ಲಿ ಹೆಚ್ಚೆಂದರೆ 2700 ಮಿಂಚುಗಳು. ಇಷ್ಟನ್ನೂ ಬರೆದಿಡುವ ಕ್ರಮ ಸರಳವಾದುದು. ಪ್ರಯೋಗದ ಅರ್ಜಿಗೆ ಒಂದು ಸಂಖ್ಯೆ. ಆ ಅರ್ಜಿಯೊಳಗೆ ಉಪಕರಣವನ್ನು ಓಡಿಸಿದ ಸರದಿಗೆ ಒಂದೊಂದು ಸಂಖ್ಯೆ. ಸರದಿಯೊಳಗೆ ಪ್ರತಿಯೊಂದು ಬೆಳಕಿನ ಸಾಲಿಗೂ ತನ್ನದೇ ಸಂಖ್ಯೆ. ಅಲ್ಲಿಯ ದೊಡ್ಡ ಕ್ಯಾಮೆರಾ ಒಂದು 16 ತುಂಡುಗಳಿಂದ ಕೂಡಿದುದು. ಒಂದೊಂದು ತುಂಡೂ ತನ್ನ ಕಡತವನ್ನು ತಾನು ಬರೆಯುವುದು. ಸಾಲಿನ ಸಂಖ್ಯೆಯು ಎಲ್ಲದರಲ್ಲಿಯೂ ಒಂದೇ ಆಗಿರುವುದರಿಂದ ಬಿಡಿತುಂಡುಗಳನ್ನು ಕೂಡಿಸಿ ಒಂದು ಚಿತ್ರವನ್ನು ಮಾಡಬಹುದು. ಒಂದೇ ಕಂಬದ ನಾಲ್ಕು ಮುಖಗಳ ಬರಹವನ್ನು ನಾಲ್ವರು ಬೇರೆ ಬೇರೆ ಹಾಳೆಗಳಲ್ಲಿ ಎತ್ತಿಕೊಂಡಾಗ ನಮಗೂ ಬೇಕಾಗುವುದು ಇಂಥದೇ ಒಂದು ಗುರುತು.

ಅಲ್ಲಿಯ ಕೋಠಿಗಳ ವಿಭಾಗವು ಇದಕ್ಕಿಂತಲೂ ವಿಚಾರಾರ್ಹವಾದುದು. ಉಪಕರಣದಿಂದ ಬಂದ ಹಸಿ ಕಡತಗಳಿಗೆ ಒಂದು ಕೋಠಿ. ಅದನ್ನು ಪ್ರಯೋಗ ಮಾಡಿದವನೂ ತಿದ್ದಲಾರನು. ಉಪಕರಣದ ದೋಷಗಳನ್ನು ಕಳೆದು ಸಂಸ್ಕರಿಸಿದ ಕಡತಗಳಿಗೆ ಎರಡನೆಯದು. ಸಂಶೋಧಕನು ತಾನು ಕಂಡ ಫಲಿತಾಂಶಗಳನ್ನು ಇಡುವುದಕ್ಕೆ ಮೂರನೆಯದು. ಅಳಿಸಿಹೋದರೂ ಚಿಂತೆಯಿಲ್ಲದ ಕರಡುಗಳಿಗೆ ಇನ್ನೊಂದು. ಸಂಸ್ಕಾರದ ವಿಧಾನವು ಸುಧಾರಿಸಿದರೆ ಎರಡನೆಯ ಕೋಠಿಯನ್ನು ಮತ್ತೆ ಕಟ್ಟಬಹುದು. ಮೊದಲನೆಯದು ಇದ್ದಂತೆಯೇ ಇರುವುದು. ನಮ್ಮ ಪಾಠಸಂಪಾದಕರ ಮಾತಿನಲ್ಲಿ ಹೇಳುವುದಾದರೆ ಪ್ರತಿ ಬೇರೆ, ಪಾಠ ಬೇರೆ, ವ್ಯಾಖ್ಯಾನ ಬೇರೆ. ಇಷ್ಟಕ್ಕೂ ‘ಕಡತ’ವೆಂಬ ನಮ್ಮ ಮಾತು ಮೊದಲು ಸೂಚಿಸುತ್ತಿದ್ದುದು ಹುಣಿಸೆಬೀಜದ ಸರಿಯನ್ನೂ ಇದ್ದಲನ್ನೂ ಬಳಿದು ಮಡಿಸಿದ ಅರಿವೆಯನ್ನು. ಅದರ ಮೇಲೆ ಬಳಪದಿಂದ ಬರೆಯುತ್ತಿದ್ದರು, ಬೇಡವಾದರೆ ಒರಸುತ್ತಿದ್ದರು. ಲೆಕ್ಕಕ್ಕೆ ಅದು ಅನುಕೂಲವಾಗಿದ್ದೀತು. ಮೂಲಪ್ರತಿಯನ್ನು ಒರಸಲು ಬರುವಂಥ ಕಡತದಲ್ಲಿ ಇಡತಕ್ಕುದಲ್ಲ.

ಇನ್ನು ನಮ್ಮ ಸಂಪುಟಗಳ ಕಡೆಗೆ ತಿರುಗೋಣ. ಈ ಪ್ರಾಂತದಲ್ಲಿ ಮೊದಲು ದೊಡ್ಡ ಪ್ರಮಾಣದಲ್ಲಿ ಶಾಸನಗಳನ್ನು ಕೂಡಿಸಿದವರು ವಾಲ್ಟರ್ ಎಲಿಯಟ್ಟರು. ಅವರು ಸಂಗ್ರಹಿಸಿದ 595 ಪ್ರತಿಗಳು ಲಿಪಿಕಾರರು ಕಣ್ಣಿನಿಂದ ಓದಿ ಕೈಯಿಂದ ಬರೆದವು. ಅಂದರೆ ಹಸಿ ಕಡತವಿಲ್ಲ; ಇರುವುದು ಸಂಸ್ಕರಿಸಿದುದು ಮಾತ್ರ, ಸಂಸ್ಕಾರ ಮಾಡಿದವನು ಯಾರೆಂಬುದೂ ತಿಳಿಯದು. ಫ್ಲೀಟರು ಮುಂದೆ ಕಲ್ಲುಗಳ ಬಳಿಗೇ ಮರಳಬೇಕಾಯಿತು. ಕಲ್ಲು ಸಿಕ್ಕದ ಕಡೆಗಳಲ್ಲಿ ಎಲಿಯಟ್ಟರ ಪ್ರತಿಯನ್ನೇ ಉಲ್ಲೇಖಿಸಿ ಸುಮ್ಮನಾಗಬೇಕಾಯಿತು. ಎಲಿಯಟ್ಟರ ಶ್ರಮವನ್ನು ಕಡಿಮೆಯೆಂದು ಎಣಿಸುವ ಉದ್ದೇಶವು ನನಗಿಲ್ಲ. ಆದರೆ ಆ ಪ್ರತಿಗಳಲ್ಲಿ ಒಂದಕ್ಷರವು ಸಂದೇಹಾಸ್ಪದವಾದರೆ ಆ ಸಂದೇಹವನ್ನು ಪರಿಹರಿಸಿಕೊಳ್ಳುವ ದಾರಿಯೇ ಇಲ್ಲವೆಂಬುದನ್ನು ಮರೆಯಲಾಗದು.

ಪುರಾತತ್ತ್ವ ಇಲಾಖೆಯವರ ಕ್ರಮವು ಇದಕ್ಕಿಂತ ಬಹಳ ಶ್ಲಾಘ್ಯವಾದುದು. ಮುಂಬಯಿ ಪ್ರಾಂತದ ಕನ್ನಡ ಜಿಲ್ಲೆಗಳಲ್ಲಿ ಅವರು ಎತ್ತಿದ ಒಂದೊಂದು ಪಡಿಯಚ್ಚಿಗೂ ಆಯಾ ವರ್ಷದ ‘ಬಿ.ಕೆ.’ ಸಂಖ್ಯೆಯು ಬಿದ್ದಿರುವುದು, ‘ಬಿ.ಕೆ.’ ಎಂದರೆ ಬಾಂಬೆ ಕರ್ನಾಟಕ. 1940ರಲ್ಲಿ ಶಾಮಶಾಸ್ತ್ರಿಗಳೂ ಎನ್. ಲಕ್ಷ್ಮೀನಾರಾಯಣರಾಯರೂ ಸಂಪಾದಿಸಿದ ದಕ್ಷಿಣ ಭಾರತ ಶಾಸನಗಳ ಹನ್ನೊಂದನೆಯ ಸಂಪುಟದ ಮೊದಲ ಭಾಗದಲ್ಲಿ ಲೇಖಗಳನ್ನು ರಾಜವಂಶ ಮತ್ತು ಕಾಲದ ಕ್ರಮದಲ್ಲಿ ಜೋಡಿಸಿ ಹೊಸ ಸಂಖ್ಯೆಗಳನ್ನು ಕೊಟ್ಟಿದ್ದರೂ, ತಲೆಬರಹದ ಕೆಳಗೆ ಹಳೆಯ ಸಂಖ್ಯೆಯನ್ನು ತಪ್ಪದೆ ನಮೂದಿಸಿರುವರು. ಹೊಸ ಸಂಖ್ಯೆಯು ಸಂಪಾದಕರ ಅಭಿಪ್ರಾಯವನ್ನು ಹೇಳುವುದು. ಹಳೆಯದು ಪಡಿಯಚ್ಚಿಗೆ ದಾರಿ ತೋರುವುದು. ಮುಂಬಯಿ ಪ್ರಾಂತವು ಹೋಯಿತು, 1956ರಲ್ಲಿ ಈ ಜಿಲ್ಲೆಗಳು ಮೈಸೂರು ರಾಜ್ಯವನ್ನು ಸೇರಿದವು, 2021ರಲ್ಲಿ ಸರಕಾರವು ‘ಕಿತ್ತೂರು ಕರ್ನಾಟಕ’ವೆಂಬ ಹೆಸರನ್ನು ಅಂಗೀಕರಿಸಿತು. ಹೀಗಿದ್ದರೂ ಆ ಎರಡಕ್ಷರಗಳನ್ನು ಕಾಲೋಚಿತವಾಗಿ ತಿದ್ದಲು ಯಾರೂ ಹೊರಡಬಾರದು. ಅದು ಈಗ ಪ್ರದೇಶದ ಹೆಸರಲ್ಲ, ಬೀಗದ ಕೈ. ಪಡಿಯಚ್ಚನ್ನು ಎತ್ತುವುದಕ್ಕೂ ಪಾಠವು ಅಚ್ಚಾಗುವುದಕ್ಕೂ ನಡುವೆ ಎಷ್ಟೋ ವೇಳೆ ಹತ್ತಿಪ್ಪತ್ತು ವರ್ಷಗಳು ಕಳೆದಿರುವುದು ಮಾತ್ರ ಬೇರೆಯೇ ದೂರು. ಎಕ್ಸ್‌ಫೆಲ್ ಕೇಂದ್ರದವರು ಮೂರು ವರ್ಷಗಳ ಅವಧಿಯನ್ನು ಪ್ರಯೋಗಕಾರನಿಗೆ ಮೀಸಲಾಗಿಟ್ಟು, ಆ ಬಳಿಕ ಕಡತಗಳನ್ನು ಎಲ್ಲರಿಗೂ ತೆರೆಯುವ ನಿಯಮವನ್ನು ಮಾಡಿಕೊಂಡಿರುವರು.

ರೈಸರ ಎಪಿಗ್ರಾಫಿಯಾ ಕರ್ನಾಟಿಕಾದ ಕ್ರಮವೇ ಬೇರೆ. ಅಲ್ಲಿ ತಾಲ್ಲೂಕಿನ ಹೆಸರೂ ಅದರೊಳಗಣ ಸಂಖ್ಯೆಯೂ ಕೂಡಿ ಗುರುತಾಗುವುವು. ಹೇಳುವುದಕ್ಕೆ ಸುಲಭ, ನೆನಪಿಡುವುದಕ್ಕೂ ಸುಲಭ. ಮೂರು ತಲೆಮಾರಿನ ವಿದ್ವಾಂಸರು ಅದರಿಂದಲೇ ಬದುಕಿದರು. ಆದರೆ ಆಡಳಿತದ ಎಲ್ಲೆಯು ಕದಲಿದಾಗ ಗುರುತು ದಾರಿ ತಪ್ಪಿಸುವುದು. ರೈಸರಲ್ಲಿ ಚಿತ್ರದುರ್ಗ ಜಿಲ್ಲೆಯ ಸಂಪುಟದೊಳಗಿರುವ ದಾವಣಗೆರೆಯು 1997ರಿಂದ ತಾನೇ ಒಂದು ಜಿಲ್ಲೆ. ಶ್ರವಣಬೆಳಗೊಳದ ಸಂಪುಟವು 1889ರಲ್ಲಿ 144 ಲೇಖಗಳಿಂದ ಹೊರಟು, ನರಸಿಂಹಾಚಾರ್ಯರ 1923ರ ಮುದ್ರಣದಲ್ಲಿ 500 ಆಗಿ, 1973ರಲ್ಲಿ 573 ಆಯಿತು. ಬೆಳೆದುದು ಸಂತೋಷವೇ. ಆದರೆ ಬೆಳೆಯುವಾಗ ಸಂಖ್ಯೆಗಳನ್ನೂ ಮತ್ತೆ ಹಾಕಿದುದರಿಂದ, ಯಾವ ಮುದ್ರಣವೆಂದು ಹೇಳದೆ ಬರಿಯ ಸಂಖ್ಯೆಯನ್ನು ಕೊಟ್ಟ ಹಳೆಯ ಲೇಖನವನ್ನು ಓದುವ ವಿದ್ಯಾರ್ಥಿಯು ತಪ್ಪು ಕಲ್ಲಿನ ಮುಂದೆ ಹೋಗಿ ನಿಲ್ಲುವನು. ಹೊಸ ಲೇಖಗಳಿಗೆ 145ರಿಂದ ಮುಂದಿನ ಸಂಖ್ಯೆಗಳನ್ನು ಕೊಟ್ಟಿದ್ದರೆ ಪುಸ್ತಕದ ಅಂದ ಸ್ವಲ್ಪ ಕೆಡುತ್ತಿತ್ತು, ಅಷ್ಟೇ.

ಸ್ಥಳವೊಂದನ್ನೇ ನಂಬಿದ ಜೋಡಣೆಯು ಸಾಹಿತ್ಯಚರಿತ್ರೆಗೆ ಮಾಡಬಲ್ಲ ಕೇಡಿಗೆ ಕುರ್ಕ್ಯಾಲದ ಶಾಸನವು ನಿದರ್ಶನ. ತೆಲಂಗಾಣದ ಕರೀಂನಗರ ಜಿಲ್ಲೆಯ ಬಂಡೆಯ ಮೇಲೆ, ಕನ್ನಡ ಸಂಸ್ಕೃತ ತೆಲುಗು ಮೂರರಲ್ಲಿಯೂ, ಪಂಪನ ತಮ್ಮನಾದ ಜಿನವಲ್ಲಭನು ಬರೆಯಿಸಿದ ಲೇಖವಿದು. ಪಂಪನ ತಾಯಿಯಾದ ಅಬ್ಬಣಬ್ಬೆಯ ಮನೆತನವು ಬೆಳ್ವೊಲದ ಅಣ್ಣಿಗೆರೆಯದೆಂದು ನಮಗೆ ತಿಳಿದುದು ಇದರಿಂದ. ಅಣ್ಣಿಗೆರೆಯಾದರೋ ನಮ್ಮ ಧಾರವಾಡ ಜಿಲ್ಲೆಯಲ್ಲಿದೆ. ಧಾರವಾಡದ ಶಾಸನಗಳ ಪೆಟ್ಟಿಗೆಯನ್ನಷ್ಟೇ ತೆರೆದು ನೋಡುವವನಿಗೆ ಆದಿಕವಿಯ ಈ ಸಂಬಂಧವು ಎಂದಿಗೂ ದೊರೆಯದು. ಕಲ್ಲು ನಿಂತ ಊರು, ಕಲ್ಲು ಹೇಳುವ ಊರು, ಭಾಷೆ, ಛಂದಸ್ಸು, ವ್ಯಕ್ತಿ, ಇವೆಲ್ಲವೂ ಕಡತಕ್ಕೆ ಬೇರೆ ಬೇರೆ ಬಾಗಿಲುಗಳಾಗಬೇಕು. ಕಡತದ ಹೆಸರು ಮಾತ್ರ ಇವುಗಳಲ್ಲಿ ಯಾವುದೂ ಆಗಬಾರದು.

ಹೆಸರಿನಲ್ಲಿ ಅರ್ಥವಿಲ್ಲದಿದ್ದರೆ ತಪ್ಪನ್ನು ಕಂಡುಹಿಡಿಯುವುದು ಹೇಗೆಂದು ಕೇಳುವವರುಂಟು. ಅರ್ಥವಿರುವ ಹೆಸರೂ ನಂಬತಕ್ಕುದಲ್ಲವೆಂಬುದಕ್ಕೆ ಅಮೆರಿಕೆಯ ಲಾರೆನ್ಸ್ ಲಿವರ್‌ಮೋರ್ ಪ್ರಯೋಗಶಾಲೆಯ ಒಂದು ಸಂಗತಿಯನ್ನು ಹೇಳುವೆನು. ಅಲ್ಲಿ 192 ಲೇಸರ್ ಕಿರಣಗಳನ್ನು ಒಂದು ಸಣ್ಣ ಗುರಿಯ ಮೇಲೆ ಒಮ್ಮೆಲೇ ಹಾಯಿಸುವರು. ಪ್ರತಿ ಪ್ರಯೋಗಕ್ಕೂ ತೇದಿಯಿಂದ ಹುಟ್ಟಿದ ಹೆಸರನ್ನು ಇಡುವರು. 2.05 ಮೆಗಾಜೂಲು ಬೆಳಕನ್ನು ಕೊಟ್ಟು 3.15 ಮೆಗಾಜೂಲು ಶಕ್ತಿಯನ್ನು ಪಡೆದ ಸುಪ್ರಸಿದ್ಧ ಪ್ರಯೋಗವು ನಡೆದುದು 2022ರ ಡಿಸೆಂಬರ್ 5ರ ನಸುಕಿನ 1 ಗಂಟೆ 3 ನಿಮಿಷಕ್ಕೆ. ಅದರ ಹೆಸರಾದರೋ ಎನ್ 221204, ಅಂದರೆ ಹಿಂದಿನ ದಿನದ ತೇದಿ. ಅದನ್ನು ಯಾರೂ ತಿದ್ದಿಲ್ಲ, ತಿದ್ದಕೂಡದು. ನಿಜವಾದ ವೇಳೆಯು ಅದರದೇ ಆದ ಜಾಗದಲ್ಲಿ ದಾಖಲಾಗಿದೆ. ಶಕವರ್ಷಕ್ಕೂ ಸಂವತ್ಸರಕ್ಕೂ, ತಿಥಿಗೂ ವಾರಕ್ಕೂ ಹೊಂದಾಣಿಕೆಯಿಲ್ಲದ ಶಾಸನಗಳನ್ನು ಕಂಡಾಗ ಕೀಲ್‌ಹಾರ್ನರು ಅವನ್ನು ಕ್ರಮತಪ್ಪಿದವೆಂದು ಬೇರೆ ಎಣಿಸಿದರೇ ಹೊರತು ಲೇಖವನ್ನು ತಿದ್ದಲಿಲ್ಲ. ಇದೂ ಅದೇ ನ್ಯಾಯ.

ಮಿಥಿಕ್ ಸೊಸೈಟಿಯ ಕಾರ್ಯದಲ್ಲಿ ನನಗೆ ಅತ್ಯಂತ ಮೆಚ್ಚಿಕೆಯಾದುದೆಂದರೆ, ಕಲ್ಲಿನ ಮೈಯನ್ನೇ ಓದುಗನ ಮುಂದಿಟ್ಟುದು. ಸವೆದ ಅಕ್ಷರದ ಮೇಲೆ ಪರದೆಯಲ್ಲಿ ಬೆಳಕನ್ನು ಓರೆಯಾಗಿ ಬೀಳಿಸಿ, ಓದು ಸರಿಯೋ ಅಲ್ಲವೋ ಎಂದು ಧಾರವಾಡದಲ್ಲಿ ಕುಳಿತವನೂ ಪರೀಕ್ಷಿಸಬಹುದಾಗಿದೆ. ಕನ್ನಡದ ಅತಿ ಹಳೆಯ ಲೇಖಗಳ ಕಾಲದ ಬಗೆಗೆ ನಡೆದಿರುವ ವಾದಗಳಲ್ಲಿ ಎಷ್ಟೋ ಪಾಲು ಅಕ್ಷರದ ಆಕಾರವನ್ನು ಅವಲಂಬಿಸಿದವು. ಅಲ್ಲಿ ಪಕ್ಷ ಪ್ರತಿಪಕ್ಷದವರು ಒಂದೇ ಮೂಲವನ್ನು ನೋಡುವಂತಾದರೆ ಅರ್ಧ ವಾದವು ತಾನೇ ಶಮನವಾದೀತು. ಆದರೆ ಸುಂದರವಾಗಿ ಕಾಣಿಸಲೆಂದು ನಯಗೊಳಿಸಿದ ಪ್ರತಿಕೃತಿಯೂ ಒಂದು ಸಂಸ್ಕಾರವೇ. ಬಿರುಕನ್ನು ತುಂಬಿದರೆ ಒಂದು ಅನುಸ್ವಾರವೂ ಅದರೊಡನೆ ತುಂಬಿಹೋಗಬಹುದು. ಆದುದರಿಂದ ಇಂಥ ಕೆಲಸವನ್ನು ಕೈಗೊಳ್ಳುವ ಯಾವ ಸಂಸ್ಥೆಯೇ ಆಗಲಿ, ಉಪಕರಣವು ಕೊಟ್ಟ ಮೊದಲ ಅಳತೆಗಳನ್ನೂ ಇಟ್ಟು, ಅವುಗಳ ಮೇಲೆ ನಡೆದ ಕೆಲಸವೇನೆಂಬುದನ್ನೂ ಬರೆಯಬೇಕೆಂದು ಕೇಳುವ ಅಧಿಕಾರವು ನಮಗಿದೆ.

ಇದೆಲ್ಲವೂ ಗಣಕಯಂತ್ರದವರ ಚಿಂತೆ, ಸಾಹಿತ್ಯದ ಅಧ್ಯಾಪಕರಿಗೆ ಪಾಠವು ದೊರೆತರೆ ಸಾಕೆಂಬ ಪೂರ್ವಪಕ್ಷವನ್ನು ನಾನು ಕೇಳಿರುವೆನು. ಆದರೆ ತರಗತಿಯಲ್ಲಿ ತ್ರಿಪದಿಯ ಪ್ರಾಚೀನತೆಯನ್ನು ಬಾದಾಮಿಯ ಶಾಸನದಿಂದ ಸಾಧಿಸುವಾಗ ಅಧ್ಯಾಪಕನು ಆಧರಿಸುವುದು ಯಾರೋ ಒಬ್ಬರು ಮಾಡಿದ ಓದನ್ನು. ಆ ಓದಿನ ಸಂಖ್ಯೆಯ ಜೊತೆಗೆ ಪಡಿಯಚ್ಚಿನ ಸಂಖ್ಯೆಯನ್ನೂ ಮುದ್ರಣದ ವರ್ಷವನ್ನೂ ಕೊಡುವ ರೂಢಿಯನ್ನು ನಮ್ಮ ಪತ್ರಿಕೆಗಳಾದರೂ ಕಡ್ಡಾಯವಾಗಿ ಹಿಡಿಯಬೇಕು. ಇದಕ್ಕೆ ಯಾವ ಭಂಡಾರಕ್ಕೂ ಕಾಯಬೇಕಾಗಿಲ್ಲ. ಇನ್ನು ಭಂಡಾರವನ್ನು ಕಟ್ಟುವವರಲ್ಲಿ ನನ್ನದೊಂದು ಸಣ್ಣ ಬೇಡಿಕೆ: ಬೈರಿದೇವರಕೊಪ್ಪದ ಹೆಸರನ್ನು ಜನರು ಬರೆಯುವ ಎಲ್ಲ ರೂಪಗಳಲ್ಲಿಯೂ ಸೂಚಿಗೆ ಸೇರಿಸಲಿ, ಅವೆಲ್ಲವೂ ಒಂದೇ ಸಂಖ್ಯೆಗೆ ಬಂದು ಮುಟ್ಟಲಿ, ಯಾವುದು ಶುದ್ಧರೂಪವೆಂಬ ಚರ್ಚೆಯನ್ನು ನಾವು ಇಲ್ಲಿ ಬೇರೆಯಾಗಿ ನಡೆಸಿಕೊಳ್ಳುವೆವು.