ನಸುಕಿನ ಸವಾರಿ: ಹೊಸ ರಸಿಕರಿಗೆ ಹಣಕೋಣದಿಂದ ಅಂಕೋಲೆಯವರೆಗೆ

ಹತ್ತು ಬೈಕುಗಳು ಒಟ್ಟಿಗೆ ಹೋಗುವಾಗ ಹೊಸಬರ ಗಮನ ಮೊದಲು ವೇಗದ ಮೇಲೆ, ಆಮೇಲೆ ಸದ್ದಿನ ಮೇಲೆ. ಇವೆರಡೂ ಒಂಟಿ ಸವಾರಿಯಲ್ಲೂ ಸಿಗುತ್ತವೆ. ಗುಂಪಿನಲ್ಲಿ ಮಾತ್ರ ಸಿಗುವ ಸೊಗಸು ಗಾಡಿ ಗಾಡಿಗಳ ನಡುವಿನ ಜಾಗದ್ದು. ಆ ಜಾಗವನ್ನು ನೋಡಲು ಕಲಿತವರೇ ಈ ಕಲೆಯ ರಸಿಕರು.

ಕಲಿಯಲು ಹಣಕೋಣದಂಥ ಊರು ಒಳ್ಳೆಯದು. ಕಾಳಿ ನದಿಯ ದಂಡೆ, ವರ್ಷಕ್ಕೆ ಏಳೇ ದಿನ ಬಾಗಿಲು ತೆರೆಯುವ ಸಾತೇರಿ ದೇವಿಯ ಗುಡಿ, ನಸುಕಿನಲ್ಲಿ ಇನ್ನೂ ಮಲಗಿರುವ ಮನೆಗಳು. ಇಲ್ಲಿ ಎಕ್ಸಿಲರೇಟರ್ ತಿರುವಿ ಗುಡುಗಿಸುವುದು ಅರಸಿಕತನ. ನುರಿತವರು ಗಾಡಿ ಶುರು ಮಾಡಿ, ಸದ್ದೆಬ್ಬಿಸದೆ, ಚೋಕ್ ಮೇಲೆ ಒಂದು ನಿಮಿಷ ಬಿಟ್ಟು, ಎರಡನೇ ಗೇರಿನಲ್ಲಿ ಊರು ದಾಟುತ್ತಾರೆ.

ಸದಾಶಿವಗಡದ ಕಡೆ ರಸ್ತೆ ನೇರವಾದೊಡನೆ ಸಾಲು ಕಟ್ಟಿಕೊಳ್ಳುತ್ತದೆ. ಮುಂದಾಳು ಲೇನಿನ ಬಲಭಾಗ ಹಿಡಿದರೆ ಎರಡನೆಯವರು ಒಂದು ಸೆಕೆಂಡು ಹಿಂದೆ ಎಡಭಾಗದಲ್ಲಿ, ಮೂರನೆಯವರು ಮತ್ತೆ ಬಲದಲ್ಲಿ. ನಿಮ್ಮ ನೇರ ಎದುರಿರುವ ಗಾಡಿಗೂ ನಿಮಗೂ ಎರಡು ಸೆಕೆಂಡು. ಗಂಟೆಗೆ 60 ಕಿ.ಮೀ. ವೇಗದಲ್ಲಿ ಅದು ಸುಮಾರು 33 ಮೀಟರ್. ಮುಂದಿನ ಗಾಡಿ ಒಂದು ಕಂಬ ದಾಟಿದಾಗ ಎಣಿಸಲು ಶುರು ಮಾಡಿ. ಎರಡು ಎಣಿಸುವ ಮೊದಲೇ ನೀವು ಕಂಬ ಮುಟ್ಟಿದರೆ ಹತ್ತಿರವಾದಿರಿ. ಹೀಗೆ ಓರೆಯಾಗಿ ನಿಂತ ಸಾಲಿನಲ್ಲಿ ಪ್ರತಿಯೊಬ್ಬರಿಗೂ ಹೊಂಡ ತಪ್ಪಿಸಲು ಲೇನಿನ ಪೂರ್ತಿ ಅಗಲ ಸಿಗುತ್ತದೆ. ಅಂದಕ್ಕೆ ಕಾಣುವುದು ಸುರಕ್ಷತೆಗೂ ಬೇಕಾದದ್ದೇ ಆಗಿರುವುದು ನನಗೆ ಈ ಕಲೆಯಲ್ಲಿ ಅತ್ಯಂತ ಪ್ರಿಯವಾದ ಸಂಗತಿ.

ಕಾಳಿ ಸೇತುವೆಯ ಬಳಿ ಕಣ್ಣು ಚುರುಕಾಗಿರಲಿ. 2024ರ ಆಗಸ್ಟ್ 7ರ ಮಧ್ಯರಾತ್ರಿಯ ನಂತರ ಹಳೆಯ ಸೇತುವೆ ಕುಸಿದು ಲಾರಿಯೊಂದು ನದಿಗೆ ಬಿತ್ತು, ಚಾಲಕನನ್ನು ಬದುಕಿಸಲಾಯಿತು. ಆಮೇಲೆ ಎರಡೂ ದಿಕ್ಕಿನ ವಾಹನಗಳು ಹೊಸ ಸೇತುವೆಯ ಮೇಲೆಯೇ ಓಡಾಡತೊಡಗಿದವು. ಇಂಥ ಇಕ್ಕಟ್ಟು ಎದುರಾದಾಗ ಮುಂದಾಳು ಎಡಗೈ ಎತ್ತಿ ಒಂದು ಬೆರಳು ತೋರಿಸುತ್ತಾರೆ. ಹಿಂದಿನವರು ಅದನ್ನೇ ತಮ್ಮ ಹಿಂದಿನವರಿಗೆ ದಾಟಿಸುತ್ತಾರೆ. ಅಂತರ ಹಿಗ್ಗಿ, ಓರೆಸಾಲು ಒಂದೇ ಗೆರೆಯಾಗುತ್ತದೆ. ಆಚೆ ದಡದಲ್ಲಿ ಮತ್ತೆ ಓರೆಯಾಗುತ್ತದೆ. ಯಾರೂ ಹಾರ್ನ್ ಹಾಕಲಿಲ್ಲ, ಯಾರೂ ಗಕ್ಕನೆ ಬ್ರೇಕ್ ಒತ್ತಲಿಲ್ಲ ಎಂದಾದರೆ ಒಳ್ಳೆಯ ತಂಡವೊಂದನ್ನು ನೋಡಿದಿರಿ ಎಂದೇ ಅರ್ಥ. ಮುಂದಾಳುವೆಂದರೆ ಯಕ್ಷಗಾನದ ಭಾಗವತರ ಹಾಗೆ, ಇಡೀ ಮೇಳದ ಲಯ ಅವರ ಕೈಯಲ್ಲಿ.

ನಸುಕೇ ಏಕೆ? ತಂಪು ಹವೆ ಹೆಚ್ಚು ಸಾಂದ್ರ. ಎಂಜಿನ್ ಎಳೆದುಕೊಳ್ಳುವ ಗಾಳಿಯಲ್ಲಿ ಆಮ್ಲಜನಕ ತುಸು ಹೆಚ್ಚು. ಇನ್ನೂ ದೊಡ್ಡ ಕಾರಣ ಗಾಳಿಯ ದಿಕ್ಕು. ರಾತ್ರಿ ನೆಲ ಕಡಲಿಗಿಂತ ಬೇಗ ತಣಿಯುವುದರಿಂದ ಬೆಳಗಿನ ಜಾವ ಗಾಳಿ ನೆಲದಿಂದ ಕಡಲಿಗೆ ಬೀಸುತ್ತದೆ. ಕಾರವಾರದಿಂದ ಅಂಕೋಲೆಗೆ ಹೋಗುವಾಗ ಗುಡ್ಡ ಎಡಕ್ಕೆ. ಗುಡ್ಡಗಳ ನಡುವೆ ಕಣಿವೆ ಬಾಯ್ತೆರೆದಲ್ಲೆಲ್ಲ ಎಡತೋಳಿಗೆ ಚಳಿ ತಾಗುತ್ತದೆ, ದಾಟಿದೊಡನೆ ಬಿಡುತ್ತದೆ. ಸೂರ್ಯ ಬರುವುದೂ ಗುಡ್ಡದ ಬೆನ್ನಿನಿಂದಲೇ. ಆದ್ದರಿಂದ ನಮ್ಮ ರಸ್ತೆ ನೆರಳಿನಲ್ಲಿರುವಾಗಲೇ ದೂರದ ಕಡಲಿಗೆ ಬಿಸಿಲು ಬಿದ್ದಿರುತ್ತದೆ.

ಕಿವಿಗೂ ಕೆಲಸವಿದೆ. ಹಳೆಯ ಬುಲೆಟ್ಟಿನ ಸಿಲಿಂಡರಿನ ಅಗಲ 70 ಮಿ.ಮೀ., ಪಿಸ್ಟನ್ ಓಡುವ ದೂರ 90 ಮಿ.ಮೀ. ಎರಡು ಸುತ್ತಿಗೊಮ್ಮೆ ಮಾತ್ರ ಉರಿಯುವ ಈ ಫೋರ್ ಸ್ಟ್ರೋಕ್ ಎಂಜಿನ್ನಿನ ಬಡಿತಗಳನ್ನು ನಿಧಾನ ಓಟದಲ್ಲಿ ಒಂದೊಂದಾಗಿ ಎಣಿಸಬಹುದು. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯ ಯೆಜ್ಡಿ ಟೂ ಸ್ಟ್ರೋಕ್. ಪ್ರತಿ ಸುತ್ತಿಗೂ ಉರಿಯುತ್ತದೆ, ಒಂದೇ ಸಿಲಿಂಡರಿಗೆ ಎರಡು ಸೈಲೆನ್ಸರ್, ಕಿಕ್ ಹೊಡೆಯುವ ಲಿವರೇ ಗೇರ್ ಲಿವರ್ ಕೂಡ. ಕಾರ್ಖಾನೆ 1996ರಲ್ಲಿ ಮುಚ್ಚಿತು, ಗಾಡಿಗಳು ಇನ್ನೂ ಓಡುತ್ತಿವೆ. ಸೈಲೆನ್ಸರ್ ಕಿತ್ತು ಬೇರೆ ಕೊಳವೆ ಹಾಕಿಸಿದವರ ಸದ್ದಿನಲ್ಲಿ ಈ ವ್ಯತ್ಯಾಸವೆಲ್ಲ ಮುಳುಗಿಹೋಗುತ್ತದೆ.

ತಿರುವಿನ ರುಚಿ ಬೇಕಾದವರು ಮುಂದೊಂದು ದಿನ ಕದ್ರಾ ದಾಟಿ ಅಣಶಿ ಘಟ್ಟ ಹತ್ತಿ. ಅಲ್ಲಿ ಮುಂದಿನವರ ಬ್ರೇಕ್ ದೀಪವನ್ನೇ ನೋಡಿ. ಬಲ್ಲವರ ದೀಪ ತಿರುವಿಗೆ ಮೊದಲೇ ಹೊತ್ತಿ, ತಿರುವು ಶುರುವಾಗುವಷ್ಟರಲ್ಲಿ ಆರಿರುತ್ತದೆ. ಬಲಕ್ಕೆ ತಿರುಗಲು ಬಲಗೈ ಹ್ಯಾಂಡಲನ್ನು ಮೆಲ್ಲಗೆ ಮುಂದಕ್ಕೆ ಒತ್ತುತ್ತದೆ, ಗಾಡಿ ಬಲಕ್ಕೆ ವಾಲುತ್ತದೆ, ಮುಖ ಆಗಲೇ ತಿರುವಿನ ಕೊನೆಯತ್ತ ಹೊರಳಿರುತ್ತದೆ. ತಿರುವಿನ ಒಳಗೆ ದೀಪ ಹೊತ್ತಿದರೆ ಲೆಕ್ಕ ತಪ್ಪಿದೆ. ಘಟ್ಟದಲ್ಲಿ ಓರೆಸಾಲು ಬೇಡ, ಒಂದೇ ಗೆರೆ.

ಎಲ್ಲರಿಗಿಂತ ಹೆಚ್ಚು ಗೌರವ ಕೊನೆಯ ಸವಾರರಿಗೆ ಸಲ್ಲಬೇಕು. ಗುಂಪಿನಲ್ಲೇ ಹೆಚ್ಚು ಅನುಭವವಿರುವವರು ಅಲ್ಲಿರುತ್ತಾರೆ. ಪಂಕ್ಚರ್ ಆದವರ ಜತೆ ನಿಲ್ಲುವವರು ಅವರು. ಲೇನ್ ಬದಲಿಸುವಾಗ ಮೊದಲು ಬಲಕ್ಕೆ ಬಂದು ಹಿಂದಿನ ಲಾರಿಗಳಿಗೆ ಅಡ್ಡ ನಿಂತು ಉಳಿದವರಿಗೆ ದಾರಿ ಕೊಡುವವರೂ ಅವರೇ. ಫೋಟೋಗಳಲ್ಲಿ ಅವರು ಸಿಗುವುದಿಲ್ಲ.

ಅವರ್ಸಾ ದಾಟಿ ಅಂಕೋಲೆ ಸಮೀಪಿಸುವಾಗ ವೇಗ ಇಳಿಸಿ. ತರಕಾರಿ ಬುಟ್ಟಿ ಹೊತ್ತ ಹಾಲಕ್ಕಿ ಹೆಂಗಸರು ಪೇಟೆಗೆ ಹೊರಟಿರುವ ಹೊತ್ತು ಅದು. ಪೇಟೆಯಲ್ಲಿ ಬಿಸಿ ಬನ್ಸ್, ಭಾಜಿ, ಚಾ. ರಸ್ತೆಬದಿ ನಿಲ್ಲುವಾಗ ಮಾತ್ರ, ವಿಶೇಷವಾಗಿ ಮಳೆಗಾಲದಲ್ಲಿ, ಕಡಿದ ಗುಡ್ಡದ ಬುಡ ಆರಿಸಬೇಡಿ. 2024ರ ಜುಲೈ 16ರಂದು ಶಿರೂರಿನಲ್ಲಿ ಗುಡ್ಡ ಕುಸಿದದ್ದು ಲಾರಿಗಳು ಚಾ ಕುಡಿಯಲು ನಿಲ್ಲುತ್ತಿದ್ದ ಜಾಗದಲ್ಲೇ.

ನವೆಂಬರಿನಿಂದ ಫೆಬ್ರವರಿವರೆಗೆ ಹವೆ ಚೆನ್ನಾಗಿರುತ್ತದೆ. ಐಎಸ್‌ಐ ಗುರುತಿನ ಹೆಲ್ಮೆಟ್, ಕೈಗವಸು, ತುಂಬಿದ ಟ್ಯಾಂಕ್ ಇಷ್ಟಿದ್ದರೆ ಬನ್ನಿ. ಮೊದಲ ಸಲ ಬರುವವರು ಹಿಂದೆ ಉಳಿಯಬೇಡಿ. ಮುಂದಾಳುವಿನ ಹಿಂದಿನ ಎರಡನೇ ಜಾಗ ಕೇಳಿ ಪಡೆಯಿರಿ, ಅದು ಹೊಸಬರದ್ದೇ.